ಪದಚರ್ಚೆ: ‘ಹಾಯಿ’ ಯಾವ ಮೂಲದ್ದು? ‘ಟಾಲ್ ಶಿಪ್’ಗೆ ಕನ್ನಡವೇನು?

ಬಳಗದವರಿಗೆ ನಮಸ್ಕಾರ.

ನಾನು ಹಾಸನದ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತೇನೆ. ನಮ್ಮ ಗೋಡೆಪತ್ರಿಕೆಗೆ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಐಎನ್‌ಎಸ್ ತರಂಗಿಣಿಯ ಬಗ್ಗೆ ಬರೆದಿದ್ದಾಳೆ. ಗೋವಾ ಶಿಪ್‌ಯಾರ್ಡಿನಲ್ಲಿ ಕಟ್ಟಿ 1997ರಲ್ಲಿ ನೌಕಾಪಡೆಗೆ ಸೇರಿಸಿದ, ಹಾಯಿ ಕಟ್ಟಿ ಸಾಗುವ ತರಬೇತಿ ಹಡಗು ಅದು. 2003–04ರಲ್ಲಿ ಭೂಮಿಯನ್ನೇ ಸುತ್ತಿ ಕೊಚ್ಚಿಗೆ ಮರಳಿತು. (ತರಂಗಿಣಿ ಎಂದರೆ ನದಿ. ಕಡಲ ಹಡಗಿಗೆ ಹೊಳೆಯ ಹೆಸರಿಟ್ಟದ್ದು ನನಗೆ ಬಹಳ ಹಿಡಿಸಿತು.)

ಇಂಥ ದೊಡ್ಡ ಹಾಯಿಹಡಗಿಗೆ ಇಂಗ್ಲಿಷಿನಲ್ಲಿ ‘ಟಾಲ್ ಶಿಪ್’ ಎನ್ನುತ್ತಾರೆ. ಅವಳು ಅದನ್ನು ‘ಎತ್ತರದ ಹಡಗು’ ಎಂದೂ, ಹಾಯಿ ನಡೆಸುವುದನ್ನು ಕಲಿಸುವ ‘ಸೇಲ್ ಟ್ರೈನಿಂಗ್’ ಅನ್ನು ‘ನೌಕಾಯಾನ ತರಬೇತಿ’ ಎಂದೂ ಬರೆದಿದ್ದಾಳೆ. ಎರಡಕ್ಕೂ ನನ್ನ ಮನಸ್ಸು ಒಪ್ಪುತ್ತಿಲ್ಲ. ಎತ್ತರವಿರುವುದು ಕೂವೆಮರಕ್ಕೆ, ಅಂದರೆ ಹಾಯಿ ಕಟ್ಟುವ ಕಂಬಕ್ಕೆ. ನೌಕಾಯಾನವಂತೂ ಎಂಜಿನ್ ಹಡಗಿನಲ್ಲೂ ನಡೆಯುತ್ತದೆ. ಇಲ್ಲಿಯ ಕಲಿಕೆಯೇ ಬೇರೆ: ಗಾಳಿ ನೋಡಿ ಹಗ್ಗ ಎಳೆಯಬೇಕು, ಕೂವೆ ಹತ್ತಿ ಹಾಯಿ ಬಿಚ್ಚಬೇಕು, ಮತ್ತೆ ಸುತ್ತಿ ಕಟ್ಟಬೇಕು. ತರಂಗಿಣಿಗೆ ಮೂರು ಕೂವೆಗಳು. ಮುಂದಿನ ಎರಡರಲ್ಲಿ ಹಾಯಿಗಳು ಹಡಗಿಗೆ ಅಡ್ಡಲಾಗಿ, ಹಿಂದಿನದರಲ್ಲಿ ಉದ್ದಕ್ಕೆ. ‘ಹಾಯಿ’ ಎಂಬ ಮಾತೇ ಇಲ್ಲದ ಅನುವಾದದಲ್ಲಿ ಇಷ್ಟೂ ಕಳೆದುಹೋಗುತ್ತದೆ. ‘ಹೆಗ್ಗೂವೆಯ ಹಡಗು’, ‘ಹಾಯಿಗಾರಿಕೆಯ ತರಬೇತಿ’ ಎಂದರೆ ಹೇಗೆ? ಹೆಮ್ಮರ, ಹೆದ್ದಾರಿ ಇರುವಾಗ ಹೆಗ್ಗೂವೆ ಏಕಾಗಬಾರದು?

ಇನ್ನೊಂದು ಪ್ರಶ್ನೆ ಅವಳದೇ. “ಸರ್, ನಾಲೆಯಿಂದ ಗದ್ದೆಗೆ ನೀರು ಹಾಯಿಸುತ್ತೇವಲ್ಲ, ಈ ಹಾಯಿಯೂ ಅದೇನಾ?” ಅವಳ ಮನೆಯವರು ಹೇಮಾವತಿ ನಾಲೆಯ ಬೇಸಾಯಗಾರರು. ಹೌದು ಎನ್ನಲು ಬಾಯಿ ತೆರೆದವನು ತಡೆದೆ. ತಮಿಳಿನಲ್ಲಿ ‘ಪಾಯ್’ ಎಂದರೆ ಚಾಪೆಯೂ ಹೌದು, ಹಾಯಿಯೂ ಹೌದು. ಮಲಯಾಳದ ‘ಪಾಯ್‌ಕ್ಕಪ್ಪಲ್’ ನಮ್ಮ ಹಾಯಿಹಡಗೇ. ಪಾಲು ಹಾಲಾದಂತೆ, ಪಾವು ಹಾವಾದಂತೆ ಪಾಯ್ ಹಾಯಿಯಾಗಿದೆ. ಆದರೆ ನೀರು ಹಾಯಿಸುವುದರಲ್ಲಿರುವ ‘ಹಾಯು’ ಕೂಡ ಹಳಗನ್ನಡದಲ್ಲಿ ‘ಪಾಯ್’. ಉಚ್ಚಾರವೊಂದನ್ನೇ ನೋಡಿದರೆ ತೀರ್ಮಾನವಾಗದು. ಹೆಣೆದ ಚಾಪೆಯನ್ನೇ ಹಾಯಿಯಾಗಿ ಕಟ್ಟಿದ ಕಡಲಿಗರು ಹಲವು ನಾಡುಗಳಲ್ಲಿದ್ದರು. ಆದ್ದರಿಂದ ನನ್ನ ಒಲವು ಚಾಪೆಯ ಕಡೆಗೇ.

ಕರಾವಳಿಯವರಲ್ಲಿ ವಿಶೇಷವಾಗಿ ಕೇಳುತ್ತೇನೆ: ನಿಮ್ಮ ಕಡೆ ಚಾಪೆಗೆ ‘ಹಾಯಿ’ ಅಥವಾ ‘ಪಾಯಿ’ ಎನ್ನುವ ರೂಢಿ ಇದೆಯೇ? ಹಾಯಿಯನ್ನು ‘ಬಿಚ್ಚುವುದೋ’, ‘ಏರಿಸುವುದೋ’, ಬೇರೆ ಮಾತಿದೆಯೋ? ಮನೆಯ ಹಿರಿಯರನ್ನು ಕೇಳಿ ತಿಳಿಸಿದರೆ ಉಪಕಾರವಾಗುತ್ತದೆ. ಶನಿವಾರ ಪತ್ರಿಕೆಯನ್ನು ಗೋಡೆಗೆ ಹಚ್ಚಬೇಕು. ಶೀರ್ಷಿಕೆಯ ಜಾಗವನ್ನು ಖಾಲಿ ಬಿಡಿಸಿದ್ದೇನೆ.