ಅಪ್‌ಡೇಟ್: ಲೋಕಲ್ ಟ್ರೇನಿನ ತಲೆಬಿಸಿಗೆ ಚುಕ್ಕಿ ರಂಗೋಲಿ

ಮುಂಬೈ ಹತ್ತಿರದ ಡೊಂಬಿವಲಿಯಿಂದ ದಾದರ್‌ಗೆ ದಿನಾ ಲೋಕಲ್‌ನಲ್ಲಿ ಓಡಾಡಿ ತಲೆ ಕೆಟ್ಟು ಹೋಗಿದೆ, ಖರ್ಚಿಲ್ಲದ ಉಪಾಯ ಹೇಳಿ ಅಂತ ಕೇಳಿದ್ದೆನಲ್ಲ, ಅದರ ಮುಂದಿನ ಕಥೆ ಇದು.

ನಿಮ್ಮಲ್ಲೊಬ್ಬರು ಕೊಟ್ಟ ಉಸಿರಾಟದ ಸಲಹೆ ಕೆಲಸ ಮಾಡಿತು. ಎಳೆದುಕೊಳ್ಳುವುದಕ್ಕಿಂತ ಬಿಡುವುದು ನಿಧಾನ ಇರಬೇಕು, ಅಷ್ಟೇ. ಉಸಿರು ಬಿಡುವಾಗ ಎದೆಬಡಿತ ತುಸು ಇಳಿಯುತ್ತದೆ, ಮೆದುಳಿನಿಂದ ಹೃದಯಕ್ಕೆ ಹೋಗುವ ವೇಗಸ್ ನರದ ಕೆಲಸ ಅದು. ಕಳವಾ ಸ್ಟೇಷನ್ ದಾಟಿ ಖಾಡಿ (ಸಮುದ್ರದ ಹಿನ್ನೀರು) ಕಂಡ ಕೂಡಲೇ ಶುರು ಮಾಡುತ್ತೇನೆ. ನಿಂತುಕೊಂಡೇ. ಸೀಟು ಎಲ್ಲಿ ಸಿಗಬೇಕು!

ಮಾಟುಂಗಾದ ಫೈವ್ ಗಾರ್ಡನ್ಸ್‌ನಲ್ಲಿ ಸಂಜೆ ನಡೆಯಿರಿ ಅಂದವರಿಗೆ ಥ್ಯಾಂಕ್ಸ್. ಆದರೆ ಫಾಸ್ಟ್ ಲೋಕಲ್ ತಪ್ಪಿದರೆ ಅದೇ ಇನ್ನೊಂದು ಟೆನ್ಶನ್ ಅಲ್ವಾ? ಅದನ್ನು ಭಾನುವಾರಕ್ಕೆ ಇಟ್ಟಿದ್ದೇನೆ.

ನಿಜವಾಗಿ ಕೈ ಹಿಡಿದದ್ದು ರಂಗೋಲಿ. ಬೆಳಿಗ್ಗೆ ಬಾಗಿಲ ಮುಂದೆ 7ರಿಂದ 4 ಸಂದುಚುಕ್ಕಿ, ಅಂದರೆ ನಡುಸಾಲಿನಲ್ಲಿ 7 ಚುಕ್ಕಿ, ಮೇಲೂ ಕೆಳಗೂ ಒಂದೊಂದೇ ಕಡಿಮೆ ಮಾಡುತ್ತಾ ಹಿಂದಿನ ಸಾಲಿನ ಸಂದಿಗೆ ಇಟ್ಟು 4ಕ್ಕೆ ನಿಲ್ಲಿಸುವುದು. ಹೆಬ್ಬೆರಳು, ತೋರುಬೆರಳಿನ ನಡುವೆ ಪುಡಿ ತರಿತರಿಯಾಗಿ ಜಾರುತ್ತದೆ. ಕೈ ಅವಸರ ಮಾಡಿದರೆ ಗೆರೆ ತುಂಡಾಗುತ್ತದೆ, ನಿಂತರೆ ಗುಡ್ಡೆ ಬೀಳುತ್ತದೆ. ಚುಕ್ಕಿ ಲೆಕ್ಕದ ನಡುವೆ ಆಫೀಸಿನ ಮೇಲ್ ನೆನಪಿಗೇ ಬರುವುದಿಲ್ಲ. ಎಂಟು ಗಂಟೆಗೆಲ್ಲ ಯಾರದ್ದೋ ಚಪ್ಪಲಿ ಅದರ ಮೇಲೆ ಹಾದಿರುತ್ತದೆ, ಇರಲಿ ಬಿಡಿ.

ಮುಂದೆ ಚುಕ್ಕಿಗಳ ಸುತ್ತ ಗೆರೆ ಬಳಸುವ ಎಳೆ ರಂಗೋಲಿ ಕಲಿಯಬೇಕು ಅಂತಿದ್ದೇನೆ. ಸುಲಭದ್ದೊಂದು ಗೊತ್ತಿದ್ದರೆ ಚುಕ್ಕಿ ಲೆಕ್ಕ ಸಮೇತ ಹೇಳಿ.