ಹೆದ್ದಾರಿ ವಾಹನಗಳ ಮೇಲೆ ಸ್ಲಿಟ್-ಸ್ಕ್ಯಾನ್: ಮಾಡಿ ನೋಡಿದವರು ಹೇಳಿ

ಕೇಳಿದ್ದು (ಕಾರವಾರ): ಟಾಗೋರ್ ಬೀಚ್ ಪಕ್ಕದ 66ನೇ ಹೆದ್ದಾರಿಯ ವಾಹನಗಳನ್ನು ಫೋನಿನಲ್ಲಿ 60 ಎಫ್‌ಪಿಎಸ್‌ಗೆ (ಸೆಕೆಂಡಿಗೆ 60 ಫ್ರೇಮ್) ಹಿಡಿದು, ಪ್ರತಿ ಫ್ರೇಮಿನ ನಡುವಿನಿಂದ 1 ಪಿಕ್ಸೆಲ್ ಅಗಲದ ಸ್ಲಿಟ್ (ಲಂಬ ಪಟ್ಟಿ) ಎತ್ತಿ ಸಾಲಾಗಿ ಜೋಡಿಸಿದರೆ ಬಸ್ಸು ಬೆಂಕಿಪೊಟ್ಟಣ ನಿಲ್ಲಿಸಿದ ಹಾಗೆ ಕಾಣುತ್ತದೆ. ಕಿಟಕಿ ಸಾಲು ಅಂಕುಡೊಂಕು. ಬೋರ್ಡಿನ ಅಕ್ಷರ ಕೆಲವು ಬಸ್ಸಿನಲ್ಲಿ ಉಲ್ಟಾ. ಮುಂದೆ ಇದನ್ನೇ ವಿಡಿಯೊ ಎಫೆಕ್ಟ್ ಆಗಿ ಮಾಡುವ ಆಸೆ. ಎಲ್ಲಿಂದ ಸರಿಮಾಡಲಿ?

ಕುಮಟಾದಿಂದ: ಮೊದಲು ಲೆಕ್ಕ ಹಾಕಿ. ಒಂದು ಫ್ರೇಮಿನಿಂದ ಮುಂದಿನದಕ್ಕೆ ವಾಹನ ಎಷ್ಟು ಪಿಕ್ಸೆಲ್ ಸರಿಯುತ್ತದೋ ಸ್ಲಿಟ್ ಅಷ್ಟೇ ಅಗಲ ಇರಬೇಕು. ಗಂಟೆಗೆ 40 ಕಿ.ಮೀ. ಅಂದರೆ ಸೆಕೆಂಡಿಗೆ 11.1 ಮೀಟರ್. 3 ಮೀಟರ್ ಎತ್ತರದ ಬಸ್ಸು ಚಿತ್ರದಲ್ಲಿ 300 ಪಿಕ್ಸೆಲ್ ಇದ್ದರೆ ಸೆಕೆಂಡಿಗೆ 1,110 ಪಿಕ್ಸೆಲ್ ಓಡುತ್ತದೆ. 60 ಎಫ್‌ಪಿಎಸ್‌ನಲ್ಲಿ ಫ್ರೇಮಿಗೆ 18.5, ನೀವು ಎತ್ತಿದ್ದು 1. ಕುಗ್ಗದೆ ಏನು ಮಾಡೀತು?

ಹಾಗಂತ 18 ಪಿಕ್ಸೆಲ್ ಎತ್ತಿದರೆ ಕೊಯ್ದು ಅಂಟಿಸಿದ ಪಟ್ಟಿಗಳು ಎದ್ದು ಕಾಣುತ್ತವೆ. 240 ಎಫ್‌ಪಿಎಸ್ ಸ್ಲೋ ಮೋಷನ್ ಬಳಸಿ, ಆಗ 4.6 ಬರುತ್ತದೆ, 4 ಅಥವಾ 5 ಇಟ್ಟರೆ ಸಾಕು. ಬಸ್ಸು ಚೌಕಟ್ಟಿನಲ್ಲಿ ದೊಡ್ಡದಾದಷ್ಟೂ ಈ ಸಂಖ್ಯೆ ಏರುತ್ತದೆ. ಜೋಡಿಸಲು ಎಫ್‌ಎಫ್‌ಎಂಪೆಗ್ ಎಂಬ ಉಚಿತ ವಿಡಿಯೊ ತಂತ್ರಾಂಶದ ಕ್ರಾಪ್ (ಕತ್ತರಿಸಲು) ಮತ್ತು ಟೈಲ್ (ಸಾಲಾಗಿ ಇಡಲು) ಫಿಲ್ಟರ್ ಎರಡೇ ಸಾಕು. ಶಟರ್ 1/1000 ಸೆಕೆಂಡಿಗಿಂತ ನಿಧಾನ ಬೇಡ.

ಒಂದೇ ಅಗಲ ಎಲ್ಲಕ್ಕೂ ಸರಿಹೊಂದುವುದಿಲ್ಲ ಅನ್ನುವುದೂ ನೆನಪಿರಲಿ. ನಿಧಾನದ ಸೈಕಲ್ ರಬ್ಬರಿನಂತೆ ಎಳೆಯುತ್ತದೆ, ವೇಗದ ಕಾರು ಮುದುಡುತ್ತದೆ, ನಿಂತ ಕಂಬ ಅಡ್ಡಗೆರೆಯಾಗುತ್ತದೆ. ಚಕ್ರವನ್ನು ಹತ್ತಿರದಿಂದ ನೋಡಿ: ಟೈರಿನ ಹೊರಗಿನ ದುಂಡು ಹಾಗೇ ಉಳಿದರೂ ಒಳಗಿನ ಕಡ್ಡಿಗಳು ಬಾಗುತ್ತವೆ. ಉರುಳುವ ಚಕ್ರದ ಮೇಲ್ತುದಿ ಬಸ್ಸಿನ ಎರಡು ಪಟ್ಟು ವೇಗದಲ್ಲಿರುತ್ತದೆ, ನೆಲ ಮುಟ್ಟುವ ಬಿಂದು ಆ ಕ್ಷಣ ನಿಂತಿರುತ್ತದೆ. ಅದು ದೋಷವಲ್ಲ, ತಿದ್ದಲು ಹೋಗಬೇಡಿ.

ಶಿರಸಿಯಿಂದ: ಫೋನನ್ನು ಅಡ್ಡ ಹಿಡಿದಿದ್ದರೆ ಲಂಬ ಹಿಡಿಯಿರಿ. ಫೋನ್ ಸೆನ್ಸರ್ ಸಾಲುಸಾಲಾಗಿ ಓದುತ್ತದೆ. ಅಡ್ಡ ಹಿಡಿದಾಗ ಸ್ಲಿಟ್‌ನ ಮೇಲ್ತುದಿ ಮೊದಲು, ಕೆಳತುದಿ ಆಮೇಲೆ. ನಡುವೆ 10 ಮಿಲಿಸೆಕೆಂಡ್ ಕಳೆದರೂ 40ರ ವೇಗದ ಬಸ್ಸು 11 ಸೆಂ.ಮೀ. ಮುಂದೆ ಹೋಗಿ ವಾಲಿದಂತೆ ಬರುತ್ತದೆ. ಲಂಬ ಹಿಡಿದಾಗ ಇಡೀ ಸ್ಲಿಟ್ ಸೆನ್ಸರಿನ ಒಂದೇ ಸಾಲಿನಲ್ಲಿ ಬೀಳುವುದರಿಂದ ವಾಲುವುದಿಲ್ಲ.

ಸ್ಲಿಟ್ ಅಗಲದ ಬಗ್ಗೆ ಮೇಲಿನವರ ಮಾತು ಪೂರ್ತಿ ಒಪ್ಪುವುದಿಲ್ಲ. 1 ಪಿಕ್ಸೆಲ್ಲೇ ಎತ್ತಿ, ಕೊನೆಯಲ್ಲಿ ಇಡೀ ಚಿತ್ರವನ್ನು ಅಡ್ಡಕ್ಕೆ 4.6 ಪಟ್ಟು ಹಿಗ್ಗಿಸಿ. ಸ್ವಲ್ಪ ಮಸುಕಾಗುತ್ತದೆ, ಆದರೆ ಹೊಲಿಗೆ ಕಾಣುವುದಿಲ್ಲ.

ಅಂಕೋಲಾದಿಂದ: ಕಿಟಕಿ ಸಾಲು ಅಂಕುಡೊಂಕಾಗುವುದು ಟ್ರೈಪಾಡ್ ನಡುಕದಿಂದ. ಇಲ್ಲಿ ಪ್ರತಿ ಕಾಲಮ್ಮೂ (ಚಿತ್ರದ ಲಂಬ ಸಾಲು) ಬೇರೆ ಕ್ಷಣದ್ದು, ಹಾಗಾಗಿ ಕಡಲ ಗಾಳಿಯ ಅಲುಗಾಟವೂ ಗರಗಸದ ಹಲ್ಲಾಗುತ್ತದೆ. ಕಾಲು ಗಿಡ್ಡ ಮಾಡಿ, ನಡುಗಂಬಕ್ಕೆ ಮರಳಿನ ಚೀಲ ಕಟ್ಟಿ. ಸ್ಟೆಬಿಲೈಸೇಷನ್ ಆಫ್ ಮಾಡಿ, ಅದು ಚೌಕಟ್ಟನ್ನೇ ಸರಿಸುತ್ತದೆ. ಎಕ್ಸ್‌ಪೋಷರ್, ಫೋಕಸ್, ವೈಟ್ ಬ್ಯಾಲೆನ್ಸ್ ಮೂರೂ ಲಾಕ್ ಆಗಿರಲಿ, ಇಲ್ಲದಿದ್ದರೆ ಬಿಳಿ ಟ್ಯಾಂಕರ್ ಬಂದಾಗಲೆಲ್ಲ ಕಪ್ಪು ಪಟ್ಟೆ ಗ್ಯಾರಂಟಿ. ಫೋನ್ ಕಾದರೆ ಫ್ರೇಮ್ ಉದುರುತ್ತವೆ. ಅಲ್ಲೆಲ್ಲ ಬಸ್ಸು ಥಟ್ಟನೆ ಮೊಟಕಾಗುತ್ತದೆ. ಲೆನ್ಸಿನ ಉಪ್ಪು ಒರೆಸಿಕೊಳ್ಳಿ ಮಾರಾಯ್ರೆ.

ಅಕ್ಷರ ಉಲ್ಟಾ ಆಗುವುದು ಸಹಜ. ಮುಂಭಾಗ ಮೊದಲು ಸ್ಲಿಟ್ ದಾಟುವುದರಿಂದ ಎಲ್ಲ ವಾಹನಗಳೂ ಒಂದೇ ಕಡೆ ಮುಖ ಮಾಡುತ್ತವೆ. ಕಡಲ ಕಡೆ ನಿಂತು ಕಾಲಮ್‌ಗಳನ್ನು ಎಡದಿಂದ ಬಲಕ್ಕೆ ಜೋಡಿಸಿದರೆ ಗೋವಾ ಕಡೆ ಹೋಗುವವು ಸರಿ, ಅಂಕೋಲಾ ಕಡೆಯವು ಕನ್ನಡಿ ಬಿಂಬ. ಬಲದಿಂದ ಎಡಕ್ಕೆ ಜೋಡಿಸಿದರೆ ಅದಲು ಬದಲು. ಎರಡೂ ಒಟ್ಟಿಗೆ ಸರಿಯಾಗುವುದಿಲ್ಲ.

ಹೊನ್ನಾವರದಿಂದ: ವಿಡಿಯೊ ಬೇಕಾದರೆ ಸ್ಲಿಟ್ ಒಂದೇ ಕಡೆ ನಿಲ್ಲುವುದಿಲ್ಲ, ಬಲಕ್ಕೆ ಹೋದಂತೆ ಪ್ರತಿ ಕಾಲಮ್ ಇನ್ನಷ್ಟು ಹಳೆಯ ಫ್ರೇಮಿನಿಂದ ಬರಬೇಕು. ಎಷ್ಟು ಹಳೆಯದು ಅನ್ನುವುದೇ ಮುಖ್ಯ. ಕಾಲಮ್ಮಿಗೆ 1 ಫ್ರೇಮ್ ತಡ ಇಟ್ಟರೆ, ಮೇಲಿನ 4.6 ಪಿಕ್ಸೆಲ್ ವೇಗದಲ್ಲಿ ಬಲಕ್ಕೆ ಹೋಗುವ ಬಸ್ಸು 5.6 ಪಟ್ಟು ಕುಗ್ಗುತ್ತದೆ, ಎಡಕ್ಕೆ ಹೋಗುವುದು ತಿರುಗುಮುರುಗಾಗಿ 3.6 ಪಟ್ಟು ಕುಗ್ಗುತ್ತದೆ. ಯಾವುದೂ ಗುರುತು ಸಿಗದು. ಹತ್ತು ಕಾಲಮ್ಮಿಗೆ 1 ಫ್ರೇಮ್ ತಡ ಇಡಿ: ಬಲಕ್ಕೆ ಹೋಗುವುದು ಸುಮಾರು ಮೂರನೇ ಎರಡರಷ್ಟಾಗುತ್ತದೆ, ಎಡಕ್ಕೆ ಹೋಗುವುದು 1.85 ಪಟ್ಟು ಉದ್ದವಾಗುತ್ತದೆ. ನೋಡಲು ಮಜಾ ಇರುವುದು ಇಲ್ಲೇ.

ಪೈಥಾನ್ ಪ್ರೋಗ್ರಾಮಿಂಗ್‌ನಲ್ಲಿ ಓಪನ್‌ಸಿವಿ, ನಂಪೈ ಲೈಬ್ರರಿಗಳು ಸಾಕು. 1920 ಕಾಲಮ್ಮಿಗೆ 192 ಫ್ರೇಮ್ ಮಾತ್ರ ಮೆಮೊರಿಯಲ್ಲಿರಬೇಕು. 1080ಪಿ ಫ್ರೇಮ್ ಬಿಚ್ಚಿದರೆ 6.2 ಎಂಬಿ, ಒಟ್ಟು 1.2 ಜಿಬಿ. ಕಾಲಮ್ಮಿಗೆ ಒಂದರಂತೆ ಇಟ್ಟರೆ 12 ಜಿಬಿ, ಲ್ಯಾಪ್‌ಟಾಪ್ ಕೈಕೊಡುತ್ತದೆ. ಹತ್ತು ಕಾಲಮ್ಮಿಗೊಮ್ಮೆ ಮೆಟ್ಟಿಲು ಕಾಣುತ್ತದೆ. ಫಲಿತಾಂಶವನ್ನು 960ಕ್ಕೆ ಇಳಿಸಿದರೆ ಬಹಳಷ್ಟು ಮುಚ್ಚಿಹೋಗುತ್ತದೆ. ಆಫ್ಟರ್ ಎಫೆಕ್ಟ್ಸ್ (ಅಡೋಬಿಯ ವಿಡಿಯೊ ತಂತ್ರಾಂಶ) ಇದ್ದವರಿಗೆ ಇದೇ ಕೆಲಸಕ್ಕೆ ಟೈಮ್ ಡಿಸ್‌ಪ್ಲೇಸ್‌ಮೆಂಟ್ ಎಫೆಕ್ಟ್ ಇದೆ, ಕಪ್ಪು-ಬಿಳುಪು ಗ್ರೇಡಿಯಂಟ್ ಕೊಟ್ಟರಾಯಿತು.

ಕಾಲಮ್ ಬದಲು ಅಡ್ಡಸಾಲುಗಳನ್ನು ತಡ ಮಾಡಿದರೆ ಸಮವೇಗದ ಬಸ್ಸು ಬರೀ ವಾಲುತ್ತದೆ. ವೇಗ ಬದಲಾದರೆ ಮಾತ್ರ ಬಳುಕುತ್ತದೆ. ಅದಕ್ಕೆ ಹೆದ್ದಾರಿಗಿಂತ ದೇವಿಮನೆ ಘಟ್ಟದ ತಿರುವು ವಾಸಿ.

ಮತ್ತೆ ಕಾರವಾರದಿಂದ, ಬೇರೊಬ್ಬರು: ಕಡಲ ಕಡೆಯಿಂದ ಮಧ್ಯಾಹ್ನ ಮೂರರ ನಂತರ ಹಿಡಿಯಿರಿ, ಬಿಸಿಲು ಬೆನ್ನಿಗಿರುತ್ತದೆ. ರಾತ್ರಿ ಎಲ್‌ಇಡಿ ಬೀದಿದೀಪದ ಕೆಳಗೆ ಬೇಡ: 50 ಹರ್ಟ್ಸ್ ಕರೆಂಟಿಗೆ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ, ಚಿತ್ರದ ತುಂಬ ಉದ್ದುದ್ದ ಪಟ್ಟಿ. ಅರ್ಗಾ, ಬಿಣಗಾ ಕಡೆ ನೌಕಾನೆಲೆ ಇದೆ, ಅಲ್ಲಿ ಟ್ರೈಪಾಡ್ ಬಿಚ್ಚಬೇಡಿ. ಅಭ್ಯಾಸಕ್ಕೆ ಕೊಂಕಣ ರೈಲ್ವೆಯೇ ಸುಲಭ, ಅದರಲ್ಲೂ ರೋ-ರೋ ರೈಲು. ವ್ಯಾಗನ್ ಮೇಲೆ ಸಾಲಾಗಿ ನಿಂತ ಲಾರಿಗಳೆಲ್ಲ ಒಂದೇ ವೇಗ, ಒಂದೇ ದೂರ. ಸ್ಲಿಟ್ ಅಗಲ ಒಮ್ಮೆ ಹೊಂದಿಸಿದರೆ ಕೊನೆಯ ಲಾರಿವರೆಗೂ ಬದಲಿಸಬೇಕಿಲ್ಲ. ಹಳಿಯ ಹತ್ತಿರ ಹೋಗದೆ ಸಾರ್ವಜನಿಕ ರಸ್ತೆಯಿಂದಲೇ ಹಿಡಿಯಿರಿ.