ಯುದ್ಧ ಇಲ್ಲದಿದ್ದರೆ ಇಷ್ಟೆಲ್ಲ ಕಂಡುಹಿಡಿಯುತ್ತಲೇ ಇರಲಿಲ್ಲವಾ?

ಹಳೆಪುಟ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮಗಳು ಒಂಬತ್ತನೇ ತರಗತಿ. ಶಾಲೆಯ ಪ್ರಾಜೆಕ್ಟಿಗೆ ಒಂದು ಪಟ್ಟಿ ಮಾಡಿಕೊಂಡಿದ್ದಾಳೆ: ಪೆನಿಸಿಲಿನ್, ಕೆಡದಂತೆ ಮುಚ್ಚಿಟ್ಟ ಆಹಾರ, ರೇಡಾರ್, ಕಂಪ್ಯೂಟರ್, ಇಂಟರ್ನೆಟ್, ಜಿಪಿಎಸ್. ಎಲ್ಲದರ ಹಿಂದೆಯೂ ಯುದ್ಧವೋ ಸೈನ್ಯವೋ ಇದೆ. ಕೊನೆಗೆ ನನ್ನ ಕಡೆ ತಿರುಗಿ, "ಅಪ್ಪ, ಹಾಗಾದ್ರೆ ಯುದ್ಧ ಒಳ್ಳೇದೇ ಅಲ್ವಾ?" ಅಂದಳು. ಅಲ್ಲ ಅಂದೆ. ಯಾಕೆ ಅಂತ ಕೇಳಿದಳು. ಜನ ಸಾಯುತ್ತಾರೆ ಅನ್ನುವುದು ಬಿಟ್ಟರೆ ಬೇರೇನೂ ಹೇಳಲು ಬರಲಿಲ್ಲ. ಅದು ಸರಿಯಾದ ಉತ್ತರವೇ, ಆದರೆ ಅವಳು ಕೇಳಿದ್ದಕ್ಕೆ ಉತ್ತರ ಅಲ್ಲ. ಅವಳ ಪಟ್ಟಿ ತಪ್ಪಾ? ಅಥವಾ ಪಟ್ಟಿ ಸರಿ ಇದ್ದು, ಅದರಿಂದ ಅವಳು ಹೊರಟ ದಾರಿ ತಪ್ಪಾ? ಇತಿಹಾಸ ಓದಿಕೊಂಡವರು ಸ್ವಲ್ಪ ಬಿಡಿಸಿ ಹೇಳಿ.

ಕಾಗೆಗರಿ

ಪಟ್ಟಿ ತಪ್ಪಲ್ಲ, ಅರ್ಧ ಅಷ್ಟೆ. ಪೆನಿಸಿಲಿನ್ ತಗೊಳ್ಳಿ. ಫ್ಲೆಮಿಂಗ್ ಅದನ್ನು ಗಮನಿಸಿದ್ದು 1928ರಲ್ಲಿ, ಆಗ ಯಾವ ಮಹಾಯುದ್ಧವೂ ಇರಲಿಲ್ಲ. ಮುಂದೆ ಆಕ್ಸ್‌ಫರ್ಡ್‌ನಲ್ಲಿ ಫ್ಲೋರಿ ಮತ್ತು ಚೈನ್ ಅದನ್ನು ಔಷಧಿಯಾಗಿ ಮಾಡಲು ಹೊರಟರು. 1941ರಲ್ಲಿ ಒಬ್ಬ ಪೊಲೀಸನಿಗೆ ಕೊಟ್ಟಾಗ ಆತ ಚೇತರಿಸಿಕೊಳ್ಳುತ್ತಿದ್ದ, ಅಷ್ಟರಲ್ಲಿ ಔಷಧಿಯೇ ಮುಗಿದುಹೋಯಿತು. ಅವನ ಮೂತ್ರದಿಂದಲೂ ಪೆನಿಸಿಲಿನ್ ಸೋಸಿ ತೆಗೆದು ಮತ್ತೆ ಕೊಟ್ಟರು, ಆದರೂ ಉಳಿಯಲಿಲ್ಲ. ಮೂರೇ ವರ್ಷಗಳ ನಂತರ, 1944ರ ಜೂನ್‌ನಲ್ಲಿ ಫ್ರಾನ್ಸಿನ ನಾರ್ಮಂಡಿ ತೀರಕ್ಕೆ ಇಳಿದ ಮಿತ್ರರಾಷ್ಟ್ರಗಳ ಸೈನ್ಯದ ಜೊತೆ ಸಾಕಷ್ಟು ಪೆನಿಸಿಲಿನ್ ಇತ್ತು. ಯುದ್ಧ ಕೊಟ್ಟಿದ್ದು ಹಣ, ಕಾರ್ಖಾನೆ, ಅವಸರ. ಬುದ್ಧಿ ಮೊದಲೇ ಇತ್ತು.

ಆಹಾರದ್ದು ಇನ್ನೂ ಚೆನ್ನಾಗಿದೆ. ಅಪೆರ್ ಅನ್ನುವ ಫ್ರೆಂಚ್ ಮಿಠಾಯಿಗಾರ ಗಾಜಿನ ಬಾಟಲಿಗೆ ಆಹಾರ ತುಂಬಿ, ಬಿಗಿಯಾಗಿ ಮುಚ್ಚಿ, ಬಿಸಿನೀರಲ್ಲಿ ಕುದಿಸುವ ವಿಧಾನ ಕಂಡುಕೊಂಡ. 1810ರಲ್ಲಿ ಸರ್ಕಾರ ಅವನಿಗೆ 12,000 ಫ್ರಾಂಕ್ ಬಹುಮಾನ ಕೊಟ್ಟಿತು, ಸೈನ್ಯ ಮತ್ತು ನೌಕಾಪಡೆಗೆ ಬೇಕಿತ್ತು ಅದು. ಅದೇ ವರ್ಷ ಇಂಗ್ಲೆಂಡಿನಲ್ಲಿ ತಗಡಿನ ಡಬ್ಬಿಗೆ ಪೇಟೆಂಟ್ ಆಯಿತು. ಆದರೆ ಡಬ್ಬಿ ತೆರೆಯುವ ಓಪನರ್ ಬಂದಿದ್ದು 1850ರ ದಶಕದಲ್ಲಿ! ನಲವತ್ತು ವರ್ಷ ಜನ ಉಳಿ ಸುತ್ತಿಗೆ ಹಿಡಿದು ಒಡೆಯುತ್ತಿದ್ದರು. ಸೈನ್ಯಕ್ಕೆ ಏನು ಬೇಕೋ ಅದಕ್ಕೆ ದುಡ್ಡು ಹರಿಯುತ್ತದೆ, ಉಳಿದದ್ದು ಕಾಯಬೇಕು. ಇದನ್ನು ಮಗಳಿಗೆ ಹೇಳಿ, ಖಂಡಿತ ನೆನಪಿಟ್ಟುಕೊಳ್ಳುತ್ತಾಳೆ.

ಆದರೆ ನನ್ನ ಪ್ರಕಾರ ಯುದ್ಧ ಸಮಾಜವನ್ನು ಬದಲಿಸಿದ್ದು ಆಯುಧದಿಂದ ಅಲ್ಲ, ಆಯುಧದ ಬಿಲ್ಲಿನಿಂದ. (ನನ್ನದು ಲೆಕ್ಕಪತ್ರದ ಕೆಲಸ, ಹಾಗಾಗಿ ಕಣ್ಣು ಮೊದಲು ಅಲ್ಲಿಗೇ ಹೋಗುತ್ತೆ.) 1494ರಲ್ಲಿ ಫ್ರಾನ್ಸಿನ ರಾಜ 8ನೇ ಚಾರ್ಲ್ಸ್ ಕಂಚಿನ ಫಿರಂಗಿಗಳನ್ನು ಗಾಡಿ ಮೇಲೆ ಎಳೆಸಿಕೊಂಡು ಇಟಲಿಗೆ ನುಗ್ಗಿದ. ತಿಂಗಳುಗಟ್ಟಲೆ ಮುತ್ತಿಗೆ ತಡೆಯುತ್ತಿದ್ದ ಎತ್ತರದ ಗೋಡೆಗಳು ಕೆಲವು ಕಡೆ ಗಂಟೆಗಳಲ್ಲಿ ಉರುಳಿದವು. ಆಮೇಲೆ ಇಟಲಿಯವರು ಗಿಡ್ಡ, ದಪ್ಪ, ನಕ್ಷತ್ರದ ಆಕಾರದ ಕೋಟೆ ಕಟ್ಟಲು ಶುರು ಮಾಡಿದರು. ಅದಕ್ಕೆ ತಗಲುವ ಖರ್ಚು ಸಣ್ಣಪುಟ್ಟ ಪಾಳೆಯಗಾರನ ಕೈಗೆ ಎಟುಕುವಂಥದ್ದಲ್ಲ. ತೆರಿಗೆ ಎತ್ತಬಲ್ಲ ದೊಡ್ಡ ರಾಜನೇ ಉಳಿದುಕೊಂಡ. ತೆರಿಗೆ ಎತ್ತಬೇಕಾದರೆ ಗುಮಾಸ್ತರು ಬೇಕು, ಮನೆಮನೆಯ ಲೆಕ್ಕ ಬೇಕು.

1694ರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ಹುಟ್ಟಿದ್ದೇ ಫ್ರಾನ್ಸ್ ಮೇಲಿನ ಯುದ್ಧಕ್ಕೆ ಸರ್ಕಾರಕ್ಕೆ 12 ಲಕ್ಷ ಪೌಂಡ್ ಸಾಲ ಕೊಡಲು. ಬ್ರಿಟನ್ನಿನಲ್ಲಿ ಆದಾಯ ತೆರಿಗೆ ಬಂದಿದ್ದು 1799ರಲ್ಲಿ, ಅದೂ ಫ್ರಾನ್ಸ್ ಜೊತೆಗಿನ ಯುದ್ಧಕ್ಕೇ. ನೆಪೋಲಿಯನ್ ಸೋತ ಮೇಲೆ 1816ರಲ್ಲಿ ತೆಗೆದುಹಾಕಿದರು. 1842ರಲ್ಲಿ ಮತ್ತೆ ಬಂತು, ಆಮೇಲೆ ಹೋಗಲೇ ಇಲ್ಲ. ಆ ಫಿರಂಗಿಗಳು ಮ್ಯೂಸಿಯಂ ಸೇರಿ ಎಷ್ಟು ಕಾಲವಾಯಿತು. ತೆರಿಗೆ ಇವತ್ತಿಗೂ ಕಟ್ಟುತ್ತಿದ್ದೇವೆ.

ಬೆಳದಿಂಗಳು

ಕಾಗೆಗರಿ ಅವರೇ, ಹಣದ ಮಾತು ಒಪ್ಪಿದೆ. ಅದಕ್ಕೆ ಜನರ ಲೆಕ್ಕವನ್ನೂ ಸೇರಿಸಿ. 1793ರ ಆಗಸ್ಟ್ 23ರಂದು ಫ್ರಾನ್ಸಿನ ಕ್ರಾಂತಿ ಸರ್ಕಾರ ಒಂದು ಆದೇಶ ಹೊರಡಿಸಿತು. ಯುವಕರು ಹೋರಾಡಬೇಕು, ಮದುವೆಯಾದ ಗಂಡಸರು ಆಯುಧ ತಯಾರಿಸಬೇಕು, ಹೆಂಗಸರು ಗುಡಾರ, ಬಟ್ಟೆ ಹೊಲಿದು ಆಸ್ಪತ್ರೆಗಳಲ್ಲಿ ಸೇವೆ ಮಾಡಬೇಕು, ಮಕ್ಕಳು ಹಳೇ ಬಟ್ಟೆ ಬಿಡಿಸಿ ಗಾಯಕ್ಕೆ ಕಟ್ಟುವ ನೂಲು ಮಾಡಬೇಕು, ಮುದುಕರು ಚೌಕಗಳಲ್ಲಿ ನಿಂತು ಸೈನಿಕರಿಗೆ ಧೈರ್ಯ ತುಂಬಬೇಕು. ಮನೆಯಲ್ಲಿ ಒಬ್ಬರನ್ನೂ ಬಿಟ್ಟಿಲ್ಲ ನೋಡಿ. ಅಲ್ಲಿಯವರೆಗೆ ಯುದ್ಧ ಅಂದರೆ ರಾಜನ ಸಂಬಳದ ಸೈನ್ಯದ ಕೆಲಸ. ಈಗ "ಇದು ನಿಮ್ಮ ದೇಶ, ನಿಮ್ಮ ಯುದ್ಧ" ಅಂತಾಯಿತು. ಹಾಗೆ ಕರೆಸಿಕೊಂಡ ಜನ ನಾಳೆ "ನಮ್ಮ ದೇಶ ಆದರೆ ನಮ್ಮ ಹಕ್ಕೆಲ್ಲಿ?" ಅಂತ ಕೇಳದೆ ಬಿಡುತ್ತಾರಾ?

ಆದರೆ ಕೇಳಿದವರಿಗೆಲ್ಲ ಸಿಗಲಿಲ್ಲ. ನನಗೆ ಸಂಕಟ ಆಗುವುದು ಇಲ್ಲೇ. 1918ರಲ್ಲಿ ಬ್ರಿಟನ್ನಿನಲ್ಲಿ 30 ದಾಟಿದ ಹೆಂಗಸರಿಗೆ ಮತದ ಹಕ್ಕು ಬಂತು, ಅದಕ್ಕೂ ಆಸ್ತಿಯ ಷರತ್ತು. ಮದ್ದುಗುಂಡಿನ ಕಾರ್ಖಾನೆಗಳಲ್ಲಿ ದುಡಿದ ಹುಡುಗಿಯರಲ್ಲಿ ಎಷ್ಟೋ ಜನ 30ಕ್ಕಿಂತ ಚಿಕ್ಕವರು, ಅವರಿಗೆ ಸಿಗಲಿಲ್ಲ. 1793ರಲ್ಲಿ ಗುಡಾರ ಹೊಲಿಯಿರಿ ಅಂದ ಫ್ರಾನ್ಸ್ ತನ್ನ ಹೆಂಗಸರಿಗೆ ಮತ ಕೊಟ್ಟಿದ್ದು 1944ರಲ್ಲಿ. ಮೊದಲ ಮಹಾಯುದ್ಧಕ್ಕೆ ಭಾರತದಿಂದ ಹತ್ತು ಲಕ್ಷಕ್ಕೂ ಜಾಸ್ತಿ ಜನ ಸಮುದ್ರ ದಾಟಿ ಹೋದರು. ಯುದ್ಧ ಮುಗಿದ ಮರುವರ್ಷ ಅವರ ದೇಶಕ್ಕೆ ಸಿಕ್ಕಿದ್ದು ರೌಲತ್ ಕಾಯಿದೆ ಮತ್ತು ಜಲಿಯನ್‌ವಾಲಾ ಬಾಗ್. ಯುದ್ಧ ಸುಮ್ನೆ ಹಕ್ಕು ಹಂಚುವುದಿಲ್ಲ. ಬ್ರಿಟನ್ನಿನ ಹೆಂಗಸರು ಯುದ್ಧಕ್ಕಿಂತ ಎಷ್ಟೋ ದಶಕ ಮೊದಲೇ ಸಂಘ ಕಟ್ಟಿ ಬಡಿದಾಡಿದ್ದರು, ಜೈಲಿಗೆ ಹೋಗಿದ್ದರು. ಆ ಹೋರಾಟ ಇಲ್ಲದಿದ್ದರೆ 1918 ಕೂಡ ಬರುತ್ತಿರಲಿಲ್ಲ.

ದಾರಿಹೋಕ

ಇಬ್ಬರೂ ಯುದ್ಧದಿಂದಲೇ ಕಥೆ ಶುರು ಮಾಡಿದಿರಿ. ತಿರುಗಿಸಿ ನೋಡೋಣ. ಯಾನ್ ಹುಸ್ ಅನ್ನುವ ಪಾದ್ರಿ ಚರ್ಚ್ ಹಣಕ್ಕೆ ಪಾಪಕ್ಷಮೆ ಮಾರುವುದನ್ನು ವಿರೋಧಿಸಿದ. 1415ರಲ್ಲಿ ಅವನನ್ನು ಜೀವಂತ ಸುಟ್ಟರು. ನೂರು ವರ್ಷ ಕಳೆದು 1517ರಲ್ಲಿ ಮಾರ್ಟಿನ್ ಲೂಥರ್ ಹೆಚ್ಚುಕಡಿಮೆ ಅದೇ ತಕರಾರು ಎತ್ತಿದ. ಅವನನ್ನು ಸುಡಲು ಆಗಲಿಲ್ಲ. ಅವನಿಗೆ ರಕ್ಷಣೆ ಕೊಟ್ಟ ಒಬ್ಬ ದೊರೆ ಇದ್ದ, ನಿಜ. ಆದರೆ ನಡುವೆ ಇನ್ನೊಂದು ದೊಡ್ಡ ಬದಲಾವಣೆ ಆಗಿತ್ತು: ಗುಟೆನ್‌ಬರ್ಗ್‌ನ ಅಚ್ಚಿನ ಯಂತ್ರ. ಲೂಥರನ ಮಾತು ಜರ್ಮನ್ ಊರುಗಳಿಗೆಲ್ಲ ಹರಡಿದ ಮೇಲೆ ಒಬ್ಬನನ್ನು ಸುಟ್ಟು ಏನು ಪ್ರಯೋಜನ? ಮುಂದೆ ಚರ್ಚಿನಲ್ಲಿ ಇದರಿಂದ ಆದ ಒಡಕು 1618ರಿಂದ 1648ರವರೆಗೆ ಮೂವತ್ತು ವರ್ಷಗಳ ಯುದ್ಧಕ್ಕೂ ಒಂದು ಕಾರಣವಾಯಿತು. ಇಲ್ಲಿ ಯುದ್ಧ ತಂತ್ರಜ್ಞಾನವನ್ನು ಹುಟ್ಟಿಸಲಿಲ್ಲ. ವಿಚಾರಕ್ಕೆ ಯಂತ್ರ ಸಿಕ್ಕಿತು, ಯುದ್ಧ ಕೊನೆಗೆ ಬಂತು.

ಉಲ್ಟಾ ಆಗಿದ್ದೂ ಇದೆ. 1859ರಲ್ಲಿ ವ್ಯಾಪಾರದ ಕೆಲಸಕ್ಕೆ ಹೊರಟಿದ್ದ ಸ್ವಿಟ್ಜರ್ಲೆಂಡಿನ ಹೆನ್ರಿ ಡುನಾಂಟ್ ಇಟಲಿಯ ಸೋಲ್ಫೆರಿನೊ ಕದನದ ಗಾಯಾಳುಗಳನ್ನು ಕಂಡ. ನೀರು ಕೊಡುವವರೂ ಇಲ್ಲದೆ ಬಿದ್ದಿದ್ದರು. ಊರಿನ ಹೆಂಗಸರನ್ನು ಸೇರಿಸಿಕೊಂಡು, ಯಾವ ಕಡೆಯವರು ಅಂತ ಕೇಳದೆ ಆರೈಕೆ ಮಾಡಿದ. ಅದರಿಂದ 1863ರಲ್ಲಿ ರೆಡ್ ಕ್ರಾಸ್, 1864ರಲ್ಲಿ ಗಾಯಾಳು ಸೈನಿಕರ ರಕ್ಷಣೆಗೆ ಮೊದಲ ಜಿನೀವಾ ಒಪ್ಪಂದ. ನಿಮ್ಮ ಮಗಳ ಪಟ್ಟಿಗೆ ಇದನ್ನೂ ಹಾಕಿಸಿ.

ಇನ್ನೊಂದು ಹೆಸರು, ಜರ್ಮನಿಯ ರಸಾಯನ ವಿಜ್ಞಾನಿ ಫ್ರಿಟ್ಸ್ ಹೇಬರ್. ಗಾಳಿಯ ಸಾರಜನಕದಿಂದ ಅಮೋನಿಯಾ ಮಾಡುವ ದಾರಿಯನ್ನು 1909ರಲ್ಲಿ ತೋರಿಸಿದ. ಅದರಿಂದ ಬಂದ ಗೊಬ್ಬರ ಇಲ್ಲದಿದ್ದರೆ ಇವತ್ತು ಕೋಟ್ಯಂತರ ಜನರಿಗೆ ಊಟ ಇಲ್ಲ. ಅದೇ ಅಮೋನಿಯಾದಿಂದ ಜರ್ಮನಿ ಮಹಾಯುದ್ಧದಲ್ಲಿ ಸಿಡಿಮದ್ದು ಮಾಡಿತು. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರದಲ್ಲಿ ಶತ್ರುಗಳ ಮೇಲೆ ಕ್ಲೋರಿನ್ ಗಾಳಿ ಬಿಡಿಸಿದ್ದೂ ಇದೇ ಹೇಬರ್. ಇವನನ್ನು ಯಾವ ಕಡೆ ಬರೆಯಬೇಕು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಎರಡೂ ಕಡೆ ಬರೆಯುವುದೇ ಸರಿ.

ಹಳೆಪುಟ

ತುಂಬಾ ಥ್ಯಾಂಕ್ಸ್. ಎಲ್ಲವನ್ನೂ ಕೂತು ಓದಿ ಹೇಳಿದೆ. ಪಟ್ಟಿ ಹರಿದು ಹೊಸದಾಗಿ ಮೂರು ಕಾಲಂ ಹಾಕಿದ್ದಾಳೆ: ಯಾರು ಕಂಡುಹಿಡಿದರು, ಯಾರು ದುಡ್ಡು ಕೊಟ್ಟರು, ಯಾರಿಗೆ ತಲುಪಿತು. ಮೂರನೆಯದು ಅವಳದೇ ಯೋಚನೆ. ಜಿಪಿಎಸ್ ಹತ್ತಿರ ನಿಂತಿದ್ದಾಳೆ. ಸೈನ್ಯದ ವಸ್ತು ನಮ್ಮ ಫೋನಿಗೆ ಹೇಗೆ ಬಂತು ಅಂತ.

ಕಾಗೆಗರಿ

ಮೊದಲ ಜಿಪಿಎಸ್ ಉಪಗ್ರಹ ಹಾರಿದ್ದು 1978ರಲ್ಲಿ, ಅಮೆರಿಕದ ಸೈನ್ಯಕ್ಕೆ. 1983ರಲ್ಲಿ ಕೊರಿಯಾದ ಪ್ರಯಾಣಿಕ ವಿಮಾನವೊಂದು ದಾರಿ ತಪ್ಪಿ ಸೋವಿಯತ್ ಗಡಿಯೊಳಗೆ ಹೋಯಿತು. ಅದನ್ನು ಹೊಡೆದುರುಳಿಸಿದರು, 269 ಜನ ಸತ್ತರು. ಅದಾದ ಮೇಲೆ ಅಮೆರಿಕ, ಜಿಪಿಎಸ್ ಸಿದ್ಧವಾದಾಗ ಜನಸಾಮಾನ್ಯರೂ ಬಳಸಬಹುದು ಅಂತ ಘೋಷಿಸಿತು. ಆದರೂ ನಮಗೆ ಸಿಗುವ ಸಿಗ್ನಲ್ಲನ್ನು ಬೇಕಂತಲೇ ಮಸುಕು ಮಾಡಿಟ್ಟಿದ್ದರು, ಸರಿಯಾದದ್ದು ಸೈನ್ಯಕ್ಕೆ ಮಾತ್ರ. ಆ ಮಸುಕು ತೆಗೆದಿದ್ದು 2000ದ ಮೇ ತಿಂಗಳಲ್ಲಿ. ಮೂರನೇ ಕಾಲಂನಲ್ಲಿ 1983, 2000 ಅಂತ ಎರಡು ಇಸವಿ ಬರೆಯಲು ಹೇಳಿ.